ಕೆಜಿಎಫ್ ಮತ್ತೆ ಎದ್ದು ನಿಲ್ಲಬೇಕಾದರೆ ಮೊದಲು ಯಾವ ಕೆಲಸ ಆಗಬೇಕು?

ಮಾರಿಕುಪ್ಪಂ ಲೋಕಲ್

ಪ್ರತಿ ಚುನಾವಣೆಯಲ್ಲೂ ನಮ್ಮೂರಿಗೆ ಅದೇ ಮಾತು ಬರುತ್ತದೆ: ಗಣಿ ಮತ್ತೆ ತೆರೆಸುತ್ತೇವೆ. ಇಲ್ಲಿ ಚಿನ್ನದ ಗಣಿ ನಡೆಸುತ್ತಿದ್ದ ಕೇಂದ್ರದ ಕಂಪನಿ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿದ್ದು 2001ರ ಫೆಬ್ರುವರಿ 28ಕ್ಕೆ. ಆ ವರ್ಷ ಹುಟ್ಟಿದ ಮಕ್ಕಳು ಈಗ ದುಡಿಯುತ್ತಿದ್ದಾರೆ. ಅವರಲ್ಲಿ ಜಾಸ್ತಿ ಜನ ದುಡಿಯೋದು ಬೆಂಗಳೂರಲ್ಲಿ, ಇಲ್ಲವೇ ನರಸಾಪುರದ ಕಾರ್ಖಾನೆಗಳಲ್ಲಿ. ಊರು ಮಾತ್ರ ಇನ್ನೂ ಗಣಿಯ ದಾರಿ ಕಾಯುತ್ತಿದೆ.

ಗಣಿ ಯಾಕೆ ಮುಚ್ಚಿತು ಅಂತ ಒಂದು ಸಲ ನೆನಪಿಸಿಕೊಳ್ಳೋಣ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದ ಹೊಸದರಲ್ಲಿ ಒಂದು ಟನ್ ಅದಿರಿಗೆ 40 ಗ್ರಾಂಗೂ ಮೇಲೆ ಚಿನ್ನ ಸಿಗುತ್ತಿತ್ತು. ಕೊನೆಕೊನೆಗೆ ಅದು 3 ಗ್ರಾಂ ಆಸುಪಾಸಿಗೆ ಇಳಿಯಿತು. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರ್‌ಗೂ ಕೆಳಗೆ ಹೋಗಿತ್ತು. ಅಷ್ಟು ಆಳದಲ್ಲಿ ಬಂಡೆ ಕಾದಿರುತ್ತದೆ, ಒತ್ತಡಕ್ಕೆ ಸಿಡಿಯುತ್ತದೆ. ತಂಪು ಗಾಳಿ ಕೆಳಗೆ ಕಳಿಸಬೇಕು, ನೀರು ಮೇಲಕ್ಕೆ ಎತ್ತುತ್ತಲೇ ಇರಬೇಕು. ಒಂದು ಗ್ರಾಂ ಚಿನ್ನ ತೆಗೆಯೋಕೆ ಅದರ ಬೆಲೆಗಿಂತ ಜಾಸ್ತಿ ಖರ್ಚಾಗುತ್ತಿತ್ತು. 1992ರಲ್ಲೇ ಕಂಪನಿಯನ್ನು ರೋಗಗ್ರಸ್ತ ಅಂತ ಘೋಷಿಸಿದ್ದರು. ಸುಮಾರು 120 ವರ್ಷದಲ್ಲಿ 800 ಟನ್ ಚಿನ್ನ ಕೊಟ್ಟ ನೆಲ ಇದು. ಪಂಪ್ ನಿಂತ ಮೇಲೆ, ಕೆಳಗೆ ಇಳಿಯೋ ಬಾವಿಯಂಥ ಶಾಫ್ಟ್‌ಗಳಲ್ಲಿ ನೀರು ತುಂಬಿಕೊಂಡಿದೆ.

ಈಗ ಚಿನ್ನದ ಬೆಲೆ ಏರಿದೆ, ನಿಜ. ನಾಳೆ ಯಾರೋ ಬಂದು ಅಗೆಯಬಹುದು. ಆದರೆ 30,000ಕ್ಕೂ ಜಾಸ್ತಿ ಜನ ಇಳಿದು ದುಡಿಯುತ್ತಿದ್ದ ಕಾಲ ವಾಪಸ್ ಬರೋದಿಲ್ಲ. ಈಗಿನ ಗಣಿಗೆ ಅಷ್ಟು ಕೈ ಬೇಕಿಲ್ಲ.

ಹಾಗಾಗಿ ನನ್ನ ಅಭಿಪ್ರಾಯ ಇದು. ಚಿನ್ನ ಬಂದರೂ ಬರದಿದ್ದರೂ ಮಾಡಲೇಬೇಕಾದ ಕೆಲಸದಿಂದ ಶುರು ಮಾಡೋಣ. ಮೊದಲನೆಯದು ಲೈನ್ ಮನೆಗಳ, ಅಂದರೆ ಗಣಿ ಕಾರ್ಮಿಕರಿಗೆ ಹಂಚಿದ್ದ ಸಾಲು ಮನೆಗಳ ಹಕ್ಕುಪತ್ರ. ಅದರ ಜೊತೆಗೆ ಸೈನೈಡ್ ದಿಬ್ಬಗಳ, ಅಂದರೆ ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ಗುಡ್ಡೆಗಳ ಧೂಳು. ಆಮೇಲೆ ರೈಲು. ನೀವು ಏನಂತೀರಿ? ಸುಮ್ನೆ ಬೇಸರ ತೋಡಿಕೊಳ್ಳೋದು ಬೇಡ, ಆಗುವಂಥ ಕೆಲಸ ಹೇಳಿ.

ಹಳೇ ಶಿಫ್ಟ್

ಗಣಿ ಬಗ್ಗೆ ಆಸೆ ಬಿಡಿ ಅನ್ನೋದು ನಿಮಗೆ ಸುಲಭ. ನಮ್ಮ ತಂದೆ, ಚಿಕ್ಕಪ್ಪ ಇಬ್ಬರೂ ನಂದಿದುರ್ಗ ಗಣಿಯಲ್ಲಿ ದುಡಿದವರು. ಹಟ್ಟಿ ಗಣಿ ಇವತ್ತಿಗೂ ನಡೆಯುತ್ತಿದೆ, ಅದೂ ರಾಜ್ಯ ಸರ್ಕಾರದ ಕಂಪನಿ. ಹಟ್ಟಿಗೆ ಆಗೋದು ನಮಗೆ ಯಾಕೆ ಆಗಲ್ಲ? 2013ರಲ್ಲಿ ಸುಪ್ರೀಂ ಕೋರ್ಟ್ ಜಾಗತಿಕ ಟೆಂಡರ್‌ಗೆ ಒಪ್ಪಿಗೆ ಕೊಟ್ಟಿತ್ತಲ್ಲ, ಆಮೇಲೆ ಏನಾಯಿತು ಅಂತ ಯಾರಾದರೂ ಕೇಳಿದ್ದಾರಾ?

ಮಾರಿಕುಪ್ಪಂ ಲೋಕಲ್

ಕೇಳಲೇಬೇಕು, ಒಪ್ಪುತ್ತೇನೆ. ಆದರೆ ಹಟ್ಟಿ ನಮ್ಮಷ್ಟು ಆಳಕ್ಕೆ ಹೋಗಿಲ್ಲ. ಅಲ್ಲಿ ಪಂಪ್ ನಿಂತಿಲ್ಲ, ಶಾಫ್ಟ್ ಮುಳುಗಿಲ್ಲ. ನಮ್ಮಲ್ಲಿ ಮೊದಲು ನೀರು ಎತ್ತಬೇಕು, ಆಮೇಲೆ ಗೋಡೆ, ಜನರನ್ನು ಇಳಿಸುವ ಕೇಜ್, ಅದು ಜಾರುವ ಗೈಡ್ ಎಲ್ಲ ಹೊಸದಾಗಿ ಹಾಕಬೇಕು. ಟೆಂಡರ್ ಮಾತಿಗೇ ಇಷ್ಟು ವರ್ಷ ಹೋಯಿತು. ಅಷ್ಟು ವರ್ಷ ಲೈನ್ ಮನೆಯ ಛಾವಣಿ ಸೋರುತ್ತಲೇ ಇತ್ತು ಅನ್ನೋದು ನನ್ನ ಸಂಕಟ.

ಚಾಂಪಿಯನ್ ರೀಫ್ಸ್ ಮಗಳು

ಧೂಳಿನ ಮಾತು ಬಂದಿದ್ದಕ್ಕೆ ಬರೆಯುತ್ತಿದ್ದೇನೆ. ಹೊರಗಿನವರಿಗೆ ಸೈನೈಡ್ ದಿಬ್ಬ ಅಂದರೆ ಫೋಟೋ ತೆಗೆಯೋ ಜಾಗ. ಸಿನಿಮಾದವರೂ ಬರುತ್ತಾರೆ. ನಮಗೆ ಅದು ಬೇಸಿಗೆಯ ಗಾಳಿ. ಮಧ್ಯಾಹ್ನ ಗಾಳಿ ಎದ್ದರೆ ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಬೇಕು. ಅಷ್ಟಾದರೂ ಸಂಜೆ ತಟ್ಟೆ ತೆಗೆದರೆ ಬೆರಳಿಗೆ ನುಣ್ಣನೆಯ ಬೂದು ಪುಡಿ ಹತ್ತುತ್ತದೆ. ಒಣಹಾಕಿದ ಸೀರೆಯನ್ನು ಮತ್ತೆ ಜಾಲಿಸಬೇಕು. ಅನ್ನ ಬಡಿಸೋ ಮೊದಲು ತಟ್ಟೆ ತೊಳೆಯೋದು ನಮ್ಮ ಮನೆಗಳಲ್ಲಿ ಅಭ್ಯಾಸವಾಗಿ ಹೋಗಿದೆ.

ಆ ದಿಬ್ಬದಲ್ಲಿ ಏನಿದೆ ಅಂತ ಎಲ್ಲರಿಗೂ ಗೊತ್ತಿರಲಿ. ಬಂಡೆಯನ್ನು ಹಿಟ್ಟಿನ ಹಾಗೆ ಅರೆದು, ಸೈನೈಡ್ ನೀರಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಮಣ್ಣು ಅದು. ಸೈನೈಡ್ ಬಿಸಿಲಿಗೆ ವರ್ಷಗಳಲ್ಲಿ ಕರಗಿ ಹೋಗುತ್ತದೆ. ಉಳಿಯೋದು ಸಿಲಿಕಾ. ಗಣಿಯೊಳಗೆ ನಮ್ಮ ಅಪ್ಪಂದಿರ ಶ್ವಾಸಕೋಶ ತಿಂದಿದ್ದು ಇದೇ ಸಿಲಿಕಾ ಧೂಳು. ಜೊತೆಗೆ ಗಂಧಕ ಇರುವ ಖನಿಜ. ಅದು ಗಾಳಿ, ಮಳೆ ಸೇರಿ ಆಮ್ಲ ಆಗುತ್ತದೆ. ಅದಕ್ಕೇ ದಿಬ್ಬದ ಮೇಲೆ ಹುಲ್ಲೂ ಸರಿಯಾಗಿ ಹುಟ್ಟಲ್ಲ. ಮೂರು ಕೋಟಿ ಟನ್‌ಗೂ ಜಾಸ್ತಿ ಇದೆ ಇಂಥ ಮಣ್ಣು.

2024ರ ಜೂನ್‌ನಲ್ಲಿ ರಾಜ್ಯ ಸಂಪುಟ 13 ದಿಬ್ಬಗಳಲ್ಲಿ ಮತ್ತೆ ಚಿನ್ನ ತೆಗೆಯೋ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಎಲ್ಲ ಸೇರಿ 1,003 ಎಕರೆ ಜಾಗ. ನಮ್ಮ ಕೇರಿಯಲ್ಲಿ ಅವತ್ತು ಕೆಲವರು ಸಿಹಿ ಹಂಚಿದರು. ನಾನು ಬೇಡ ಅನ್ನಲ್ಲ. ದಿಬ್ಬ ಖಾಲಿಯಾದರೆ ನಮಗಿಂತ ಖುಷಿ ಪಡುವವರು ಯಾರಿದ್ದಾರೆ? ಆದರೆ ಟನ್ನಿಗೆ ಒಂದು ಗ್ರಾಂಗಿಂತ ಕಡಿಮೆ ಚಿನ್ನ ಅದರಲ್ಲಿ. ಅಂದರೆ ತೆಗೆದ ಮಣ್ಣೆಲ್ಲ ಹೆಚ್ಚುಕಮ್ಮಿ ಹಾಗೇ ಉಳಿಯುತ್ತದೆ. ಅದನ್ನು ಎಲ್ಲಿ ಹಾಕುತ್ತಾರೆ? ಅಗೆಯುವಾಗ ಏಳುವ ಧೂಳಿಗೆ ಏನು ಮಾಡುತ್ತಾರೆ? ಹೊಸದಾಗಿ ಬಳಸುವ ಸೈನೈಡ್ ನೀರು ಎಲ್ಲಿಗೆ ಹರಿಯುತ್ತದೆ? ಕೆಲಸ ಶುರುವಾಗೋ ಮೊದಲು ಈ ಮೂರಕ್ಕೂ ಬರವಣಿಗೆಯಲ್ಲಿ ಉತ್ತರ ಸಿಗಬೇಕು. ಅಲ್ಲಿಯವರೆಗೆ ಜನವಸತಿ ಪಕ್ಕದ ದಿಬ್ಬಗಳಿಗಾದರೂ ಸುಣ್ಣ, ಗೊಬ್ಬರದ ಮಣ್ಣು ಹಾಕಿ, ಗಟ್ಟಿ ಹುಲ್ಲು ನೆಟ್ಟು ಮುಚ್ಚಬಹುದು. ಇದು ದೊಡ್ಡ ವಿಜ್ಞಾನ ಏನೂ ಅಲ್ಲ. ಆ ಕೆಲಸಕ್ಕೆ ನಮ್ಮೂರ ಹೆಂಗಸರೇ ಸಾಕು, ಕೂಲಿ ಕೊಟ್ಟರೆ.

ಕೋಲಾರ ಟೌನ್

ಎಲ್ಲರೂ ಬೇಜಾರು ಮಾಡ್ಕೋಬೇಡಿ, ಒಂದು ಮಾತು ಕೇಳುತ್ತೇನೆ. ಕೆಜಿಎಫ್ ಮತ್ತೆ ಕೈಗಾರಿಕಾ ನಗರ ಯಾಕೆ ಆಗಬೇಕು? ಗಣಿಗಾಗಿ ಹುಟ್ಟಿದ ಊರು ಅದು. ಗಣಿ ಹೋಯಿತು. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್ ವೇಯ 71 ಕಿ.ಮೀ. ನಮ್ಮ ರಾಜ್ಯದ ಭಾಗ ಹೊಸಕೋಟೆಯಿಂದ ಬೇತಮಂಗಲದವರೆಗೆ ಓಡಾಟಕ್ಕೆ ಸಿಕ್ಕಿದೆ. ನರಸಾಪುರದಲ್ಲಿ ಹೋಂಡಾ ಇದೆ, ಟಾಟಾ ಎಲೆಕ್ಟ್ರಾನಿಕ್ಸ್ ಐಫೋನ್ ಜೋಡಿಸುತ್ತಿದೆ. ವೇಮಗಲ್, ಮಾಲೂರು ಬೆಳೆಯುತ್ತಿವೆ. ಕೆಜಿಎಫ್ ಜನ ಒಳ್ಳೆ ಗಾಳಿ, ಕಡಿಮೆ ಬಾಡಿಗೆ ಇರುವ ಊರಲ್ಲಿ ಇದ್ದುಕೊಂಡು ಅಲ್ಲಿಗೆ ಹೋಗಿ ಬರಲಿ. ಅದರಲ್ಲಿ ತಪ್ಪೇನಿದೆ?

ಮಾರಿಕುಪ್ಪಂ ಲೋಕಲ್

ಹೋಗಿ ಬರೋದು ಅಂದರೆ ಏನು ಅಂತ ಹೇಳುತ್ತೇನೆ. ಮಾರಿಕುಪ್ಪಂನಿಂದ ಬೆಂಗಳೂರಿಗೆ ಸುಮಾರು 85 ಕಿ.ಮೀ. ಚಾಂಪಿಯನ್, ಊರ್ಗಾಂ, ಕೋರಮಂಡಲ್ ಸ್ಟೇಷನ್‌ಗಳಲ್ಲೇ ಬೋಗಿ ತುಂಬಿರುತ್ತದೆ. ಬಂಗಾರಪೇಟೆಯಲ್ಲಿ ಹತ್ತುವವರಿಗೆ ನಿಲ್ಲೋಕೂ ಜಾಗ ಇರಲ್ಲ. ಬೆಳಗ್ಗೆ ಕತ್ತಲಲ್ಲಿ ಮನೆ ಬಿಟ್ಟವರು ರಾತ್ರಿ ಕತ್ತಲಲ್ಲಿ ವಾಪಸ್. ಮಕ್ಕಳು ಮಲಗಿರುತ್ತಾರೆ. ಸಂಬಳದ ಒಂದು ಪಾಲು ಅಲ್ಲೇ ಟೀ, ಊಟ, ಆಟೋಗೆ ಹೋಗುತ್ತದೆ. ರಾಬರ್ಟ್‌ಸನ್‌ಪೇಟೆ ಅಂಗಡಿಗೆ ಬರೋದು ಭಾನುವಾರದ ದುಡ್ಡು ಮಾತ್ರ. ಸುಸ್ತಾದ ಊರು ಯಾವ ಸಭೆಗೂ ಬರಲ್ಲ, ಏನನ್ನೂ ಕೇಳಲ್ಲ. ನನಗೆ ಇದೇ ದೊಡ್ಡ ನಷ್ಟ ಅನಿಸುತ್ತದೆ.

ಹಾಗಂತ ರೈಲು ಬೇಡ ಅನ್ನುತ್ತಿಲ್ಲ. ಜಾಸ್ತಿ ಬೇಕು. ಮಾರಿಕುಪ್ಪಂ–ಕುಪ್ಪಂ ಹೊಸ ಲೈನ್ 24 ಕಿ.ಮೀ. ಕೂಡ ಇಲ್ಲ. ಅದು ಮುಗಿದರೆ ನಮ್ಮ ಲೈನ್ ಕೊನೆಯ ಸ್ಟೇಷನ್‌ನಲ್ಲಿ ನಿಲ್ಲಲ್ಲ, ಚೆನ್ನೈ ಕಡೆಗೆ ತೆರೆದುಕೊಳ್ಳುತ್ತದೆ. ಆಗ ಸರಕು ಇಲ್ಲಿಂದಲೂ ಹೋಗಬಹುದು. ಈಗ ಹೋಗುತ್ತಿರೋದು ಜನ ಮಾತ್ರ.

ಚಾಂಪಿಯನ್ ರೀಫ್ಸ್ ಮಗಳು

ನರಸಾಪುರದ ಬಸ್ಸಿನ ಬಗ್ಗೆಯೂ ಸೇರಿಸಿ. ನನ್ನ ತಂಗಿ ಹೋಗುತ್ತಾಳೆ. ಕೆಲಸ ಸಿಕ್ಕಿದ್ದು ಒಳ್ಳೆಯದೇ, ಅವಳ ಕೈಯಲ್ಲಿ ಸ್ವಂತ ದುಡ್ಡಿದೆ. ಆದರೆ ಮದುವೆ ಆಗಿ ಮಗು ಆದವರು ಶಿಫ್ಟ್ ಮತ್ತು ಪ್ರಯಾಣ ಎರಡನ್ನೂ ತಡೆಯೋಕೆ ಆಗದೆ ಬಿಡುತ್ತಾರೆ. ಊರಲ್ಲೇ ಕೆಲಸ ಇದ್ದರೆ ಅವರು ಬಿಡುತ್ತಿರಲಿಲ್ಲ.

ಬೆಮೆಲ್ ನಗರ ಲೇತ್

ನಾನು ಚಿಕ್ಕ ವರ್ಕ್‌ಶಾಪ್ ನಡೆಸುತ್ತೇನೆ. ಎರಡು ಲೇತ್, ಒಂದು ಮಿಲ್ಲಿಂಗ್ ಮೆಷಿನ್. ಪಿನ್, ಬುಷ್, ಶಾಫ್ಟ್ ಮಾಡಿ ಕೊಡುತ್ತೇನೆ. ಗಣಿ ಮುಚ್ಚಿದರೂ ಈ ಊರು ಪೂರ್ತಿ ಸಾಯದೆ ಉಳಿದಿದ್ದು 1964ರಲ್ಲಿ ಶುರುವಾದ ಬೆಮೆಲ್‌ನಿಂದ. ಬುಲ್ಡೋಜರ್, ಎಕ್ಸ್‌ಕವೇಟರ್ ಇಲ್ಲೇ ತಯಾರಾಗೋದು. ಇದನ್ನು ಚರ್ಚೆಯಲ್ಲಿ ಯಾರೂ ಎತ್ತದೆ ಇರೋದು ನೋಡಿ ಆಶ್ಚರ್ಯ ಆಯಿತು.

ನನಗೆ ಕೆಲಸ ಕಲಿಸಿದವರು ಗಣಿಯ ವರ್ಕ್‌ಶಾಪ್‌ನಲ್ಲಿ ಟರ್ನರ್ ಆಗಿದ್ದವರು. ಮೈಕ್ರೋಮೀಟರ್ ಹಾಕೋ ಮೊದಲೇ ಬೆರಳು ಆಡಿಸಿ "ಇನ್ನೂ ಒಂದು ಕೂದಲೆಳೆ ತೆಗಿ" ಅನ್ನುತ್ತಿದ್ದರು, ಅಳತೆ ಸರಿ ಬರುತ್ತಿತ್ತು. ವೈಂಡಿಂಗ್ ಎಂಜಿನ್, ಕಂಪ್ರೆಸರ್, ಪಂಪ್, ಎಲ್ಲ ಬಿಡಿಭಾಗ ಗಣಿಯವರೇ ಮಾಡಿಕೊಳ್ಳುತ್ತಿದ್ದರು. ಅಂಥ ಕೈ ಇರುವವರೆಲ್ಲ ಈಗ ಎಪ್ಪತ್ತು ದಾಟಿದ್ದಾರೆ. ಇನ್ನು ಹತ್ತು ವರ್ಷಕ್ಕೆ ಕಲಿಸೋಕೆ ಯಾರೂ ಇರಲ್ಲ.

ನನ್ನ ತೊಂದರೆ ಕೇಳಿ. ಸಿಎನ್‌ಸಿ ಮೆಷಿನ್ ಹಾಕಿಕೊಂಡರೆ ಹೊಸೂರು, ಪೀಣ್ಯದ ಆರ್ಡರ್ ಕೂಡ ಹಿಡಿಯಬಹುದು. ಸಾಲಕ್ಕೆ ಬ್ಯಾಂಕಿಗೆ ಹೋದರೆ ಮೊದಲ ಪ್ರಶ್ನೆ: ಮನೆ ಪತ್ರ ಎಲ್ಲಿ? ನಾನು ಹುಟ್ಟಿ ಬೆಳೆದ ಕ್ವಾರ್ಟರ್ಸ್‌ಗೆ ನಮ್ಮ ಹೆಸರಲ್ಲಿ ಪತ್ರ ಇಲ್ಲ. ಶೆಡ್ ಬಾಡಿಗೆಯದ್ದು. ಅಲ್ಲಿಗೆ ಮಾತು ಮುಗಿಯಿತು. ಮಾರಿಕುಪ್ಪಂ ಅವರು ಹಕ್ಕುಪತ್ರ ಮೊದಲು ಅಂದಿದ್ದು ಅದಕ್ಕೇ ನನಗೆ ಸರಿ ಅನಿಸಿತು. ಮನೆ ಪತ್ರ ಅಂದರೆ ಬರೀ ಮನೆಯ ವಿಷಯ ಅಲ್ಲ. ಅಂಗಡಿ, ಮೆಷಿನ್, ಮಕ್ಕಳ ಕಾಲೇಜು ಸಾಲ ಎಲ್ಲ ಅದರ ಮೇಲೇ ನಿಂತಿದೆ.

ಬೆಮೆಲ್ ಬಳಸದೆ ಉಳಿದಿದ್ದ ನೂರಾರು ಎಕರೆಯಲ್ಲಿ ಕೈಗಾರಿಕಾ ಪ್ರದೇಶ ಮಾಡುತ್ತಾರೆ ಅಂತ ಮಾತಿದೆ. ಆಗಲಿ. ಆದರೆ ಎಲ್ಲ ಜಾಗವನ್ನೂ ದೊಡ್ಡ ಕಂಪನಿಗೆ ಕೊಡಬೇಡಿ. ನಮ್ಮಂಥವರಿಗೆ ಎರಡು, ಮೂರು ಸಾವಿರ ಚದರಡಿಯ ಶೆಡ್ ಕಟ್ಟಿ ಬಾಡಿಗೆಗೆ ಕೊಡಿ. ಕರೆಂಟ್ ಸರಿಯಾಗಿ ಕೊಡಿ. ಒಂದು ಅಳತೆ ಪರೀಕ್ಷಿಸುವ ಲ್ಯಾಬ್, ಒಂದು ಹೀಟ್ ಟ್ರೀಟ್‌ಮೆಂಟ್ ಘಟಕ ಎಲ್ಲರಿಗೂ ಸೇರಿ ಇರಲಿ. ಈಗ ಒಂದು ಗೇರ್ ಹದ ಮಾಡಿಸೋಕೆ ಬೆಂಗಳೂರಿಗೆ ಹೊತ್ತುಕೊಂಡು ಹೋಗಬೇಕು. ಲಾಭ ಅರ್ಧ ಅಲ್ಲೇ ಹೋಯಿತು.

ಹಳೇ ಶಿಫ್ಟ್

ಲೇತ್ ಅವರೇ, ನಿಮ್ಮ ಗುರುಗಳಂಥವರು ನಮ್ಮ ಲೈನ್‌ನಲ್ಲೂ ಇದ್ದಾರೆ. ಕರೆದರೆ ಕಲಿಸೋಕೆ ಬರುತ್ತಾರೆ. ಸಂಬಳ ಕೊಡಿ ಅಂತ ಕೂಡ ಕೇಳಲ್ಲ, ಮರ್ಯಾದೆಯಿಂದ ಕರೆಯಬೇಕು ಅಷ್ಟೇ.

ಊರ್ಗಾಂ ಮೇಷ್ಟ್ರು

ನಾನು ಭೌತಶಾಸ್ತ್ರ ಕಲಿಸುತ್ತೇನೆ. ಒಂದು ಸಂಗತಿ ನಮ್ಮ ಮಕ್ಕಳಿಗೇ ಗೊತ್ತಿಲ್ಲ. 1965ರಲ್ಲಿ ನಮ್ಮ ಚಾಂಪಿಯನ್ ರೀಫ್ ಗಣಿಯ ಆಳದಲ್ಲಿ, 2 ಕಿಲೋಮೀಟರ್‌ಗೂ ಕೆಳಗೆ, ವಾತಾವರಣದಲ್ಲಿ ಹುಟ್ಟುವ, ಬಂಡೆಯನ್ನೂ ತೂರಿ ಹೋಗುವ ನ್ಯೂಟ್ರಿನೊ ಅನ್ನೋ ಕಣಗಳ ಗುರುತು ಸಿಕ್ಕಿತು. ಜಗತ್ತಿನಲ್ಲೇ ಮೊದಲು ಕಂಡವರಲ್ಲಿ ನಮ್ಮವರೂ ಇದ್ದರು. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್ ವಿಜ್ಞಾನಿಗಳು ಸೇರಿ ಮಾಡಿದ ಕೆಲಸ ಅದು. ಮೇಲಿನ ಬಂಡೆ ಬೇರೆ ಕಣಗಳನ್ನೆಲ್ಲ ತಡೆಯುತ್ತದೆ, ಹಾಗಾಗಿ ಆಳದ ಗಣಿ ಬೇಕು. 1980ರ ದಶಕದಲ್ಲಿ ಪ್ರೋಟಾನ್ ಕ್ಷಯದ, ಅಂದರೆ ಪ್ರೋಟಾನ್ ಕಣ ತಾನಾಗೇ ಒಡೆಯುತ್ತದಾ ಅಂತ ನೋಡುವ ಪ್ರಯೋಗವೂ ಇಲ್ಲೇ ನಡೆಯಿತು.

ಅದೇ ಕಾಲದಲ್ಲಿ ಅಮೆರಿಕದ ದಕ್ಷಿಣ ಡಕೋಟದ ಲೀಡ್ ಅನ್ನೋ ಊರಿನ ಹೋಮ್‌ಸ್ಟೇಕ್ ಚಿನ್ನದ ಗಣಿಯಲ್ಲೂ ನ್ಯೂಟ್ರಿನೊ ಪ್ರಯೋಗ ಇತ್ತು. ಸೂರ್ಯನಿಂದ ಬರುವ ನ್ಯೂಟ್ರಿನೊ ಹಿಡಿದ ರೇಮಂಡ್ ಡೇವಿಸ್ ಅವರಿಗೆ 2002ರಲ್ಲಿ ನೊಬೆಲ್ ಬಂತು. ಅದೇ ವರ್ಷ ಆ ಗಣಿ ಮುಚ್ಚಿತು, ನಮ್ಮದು ಮುಚ್ಚಿ ಒಂದು ವರ್ಷಕ್ಕೆ. ಅಲ್ಲೂ ಪಂಪ್ ನಿಲ್ಲಿಸಿದರು, ನೀರು ಏರಿತು. ಆದರೆ 2006ರಲ್ಲಿ ಗಣಿಯನ್ನು ರಾಜ್ಯ ಸರ್ಕಾರಕ್ಕೆ ಬಿಟ್ಟುಕೊಟ್ಟರು. ದಾನಿಯೊಬ್ಬರು ದುಡ್ಡು ಕೊಟ್ಟರು, ನೀರು ಎತ್ತಿದರು. ಈಗ 4,850 ಅಡಿ ಆಳದಲ್ಲಿ ದೊಡ್ಡ ಭೂಗತ ಪ್ರಯೋಗಾಲಯ ನಡೆಯುತ್ತಿದೆ. ಆ ಊರಿಗೆ ಅದೇ ಹೊಸ ಉಸಿರು.

ನಮ್ಮ ಶಾಫ್ಟ್‌ನಲ್ಲಿ ನೀರು ನಿಂತು ಎರಡು ದಶಕ ದಾಟಿದೆ. ಇಲ್ಲೂ ಹಾಗೇ ಮಾಡಿ ಅಂತ ನಾನು ಹೇಳಲ್ಲ. ಮಾಡಬಹುದಾದದ್ದು ಬೇರೆ ಇದೆ. ರಾಷ್ಟ್ರೀಯ ಬಂಡೆ ಯಂತ್ರಶಾಸ್ತ್ರ ಸಂಸ್ಥೆ 1988ರಲ್ಲಿ ಹುಟ್ಟಿದ್ದು ಇಲ್ಲಿ. ಆಮೇಲೆ ಬೆಂಗಳೂರಿಗೆ ಹೋಯಿತು. ಊರ್ಗಾಂನಲ್ಲಿ ಗಣಿ ಶಾಲೆ ಇದೆ, ಎಂಜಿನಿಯರಿಂಗ್ ಕಾಲೇಜಿದೆ. ದೇಶದ ತುಂಬ ಈಗ ಮೆಟ್ರೊ ಸುರಂಗ, ಹಿಮಾಲಯದ ರೈಲು ಸುರಂಗ ಕೊರೆಯುತ್ತಿದ್ದಾರೆ. ಬಂಡೆ ಸಿಡಿಯೋದನ್ನು ಅಳೆದು ಬದುಕಿದ ಊರು ನಮ್ಮದು. ಸುರಂಗ ಕೆಲಸ, ಗಣಿ ಸುರಕ್ಷತೆ ಕಲಿಸುವ ರಾಷ್ಟ್ರೀಯ ತರಬೇತಿ ಕೇಂದ್ರಕ್ಕೆ ಇದಕ್ಕಿಂತ ಸರಿಯಾದ ಜಾಗ ಬೇರೆ ಎಲ್ಲಿದೆ? ಕಟ್ಟಡ ಖಾಲಿ ಇದೆ. ಮಕ್ಕಳಿದ್ದಾರೆ. ಭಾರತ್ ಗೋಲ್ಡ್ ಮೈನ್ಸ್ ಹೆಸರಲ್ಲಿ 12,000 ಎಕರೆಗೂ ಜಾಸ್ತಿ ಜಮೀನಿದೆ.

ಆಂಡರ್ಸನ್‌ಪೇಟೆ ಅಂಗಡಿ

ಪ್ರವಾಸೋದ್ಯಮ ಯಾರೂ ಎತ್ತಿಲ್ಲ. ಕಮ್ಮಸಂದ್ರದ ಕೋಟಿಲಿಂಗೇಶ್ವರಕ್ಕೆ ವಾರಾಂತ್ಯ ಬಸ್ಸು ಬಸ್ಸು ಜನ ಬರುತ್ತಾರೆ. ಅಲ್ಲಿಂದ ಇಲ್ಲಿಗೆ ಎಷ್ಟು ದೂರ? ಆದರೂ ಅವರು ನಮ್ಮೂರಿಗೆ ಬರಲ್ಲ, ಬಂದರೂ ನೋಡೋಕೆ ಏನೂ ತೆರೆದಿಲ್ಲ. ಆಸ್ಟ್ರೇಲಿಯಾದ ಬೆಂಡಿಗೋದಲ್ಲಿ 1954ರಲ್ಲಿ ಮುಚ್ಚಿದ ಚಿನ್ನದ ಗಣಿಗೆ ಈಗ ಪ್ರವಾಸಿಗರನ್ನು ಇಳಿಸುತ್ತಾರೆ. ನಮ್ಮ ಗಣಿಗೆ ಮೇಸ್ತ್ರಿಗಳು ಬಂದಿದ್ದ ಇಂಗ್ಲೆಂಡಿನ ಕಾರ್ನ್‌ವಾಲ್‌ನ ಹಳೇ ಗಣಿಗಳು 2006ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದವು. ಶಿವನಸಮುದ್ರದಿಂದ 1902ರಲ್ಲಿ ಕರೆಂಟ್ ಬಂದ ಊರು ನಮ್ಮದು, ಬೆಂಗಳೂರಿಗಿಂತ ಮೊದಲು. ಶಾಫ್ಟ್ ಮೇಲಿನ ಗೋಪುರ, ಅಂದರೆ ಹೆಡ್‌ಗೇರ್ ನಿಂತಿದೆ, ಬಂಗಲೆಗಳಿವೆ, ಕ್ಲಬ್ ಇದೆ.

ಚಾಂಪಿಯನ್ ರೀಫ್ಸ್ ಮಗಳು

ನೋಡೋಕೆ ಬರಲಿ, ಬೇಡ ಅನ್ನಲ್ಲ. ಆದರೆ ಬಂಗಲೆ, ಕ್ಲಬ್ ಮಾತ್ರ ತೋರಿಸಬೇಡಿ. ಕೆಳಗೆ ಇಳಿದವರ ಲೈನ್ ಮನೆ ತೋರಿಸಿ. ಅಪಘಾತದಲ್ಲಿ ಹೋದವರ ಹೆಸರು ಬರೆಸಿ. ತಮಿಳು, ತೆಲುಗು, ಕನ್ನಡ ಮೂರೂ ಭಾಷೆಯಲ್ಲಿ ನಿವೃತ್ತ ಕಾರ್ಮಿಕರೇ ಕಥೆ ಹೇಳಲಿ, ಅವರಿಗೆ ಸಂಬಳ ಸಿಗಲಿ. ಮತ್ತೆ ಮೊದಲು ತೆರೆದ ಶಾಫ್ಟ್‌ಗಳಿಗೆ ಬೇಲಿ ಹಾಕಿ. ಗುಜರಿ ಕಬ್ಬಿಣಕ್ಕಾಗಿ ಇಳಿದು ಪ್ರಾಣ ಬಿಟ್ಟ ಹುಡುಗರಿದ್ದಾರೆ ನಮ್ಮೂರಲ್ಲಿ.

ಆಂಡರ್ಸನ್‌ಪೇಟೆ ಅಂಗಡಿ

ಒಪ್ಪಿದೆ. ಬೇಲಿ ಮೊದಲು.

ಬೇತಮಂಗಲ ತೋಟ

ನೀರಿಲ್ಲದೆ ಇದೆಲ್ಲ ಹೇಗೆ ಆಗುತ್ತದೆ ಸ್ವಾಮಿ? ನಮ್ಮ ಕೆರೆಯಿಂದಲೇ ಗಣಿಗೆ ನೀರು ಹೋಗುತ್ತಿತ್ತು. ಪಾಲಾರ್ ನದಿ ಹರಿಯೋದನ್ನು ಮರೆತರೆ ಕೆರೆ ಒಣಗುತ್ತದೆ, ಕೆಜಿಎಫ್‌ಗೆ ಟ್ಯಾಂಕರ್ ಗತಿ. ಯರಗೋಳ್ ಅಣೆಕಟ್ಟೆಯ ನೀರು ಕೋಲಾರ, ಬಂಗಾರಪೇಟೆ, ಮಾಲೂರಿಗೆ. ನಿಮ್ಮ ಪಾಲಿಗೆ ಏನಿದೆ ಅಂತ ಕೇಳಿ. ಬೆಂಗಳೂರಿನ ಶುದ್ಧೀಕರಿಸಿದ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಅದು ಕುಡಿಯೋಕಲ್ಲ. ಆದರೆ ಕಾರ್ಖಾನೆಗೆ, ದಿಬ್ಬದ ಮೇಲಿನ ಹುಲ್ಲಿಗೆ ಅಂಥ ನೀರು ಆಗುತ್ತದೆ. ಕುಡಿಯುವ ನೀರನ್ನು ಮೆಷಿನ್‌ಗೆ ಸುರಿಯೋದು ಬೇಡ.

ಇನ್ನೊಂದು. ಟೊಮೆಟೊ ಬೆಲೆ ಬಿದ್ದ ದಿನ ಕೋಲಾರ ಮಂಡಿ ಹೊರಗೆ ಬಾಕ್ಸ್‌ಗಟ್ಟಲೆ ಸುರಿದು ಬರುತ್ತೇವೆ. ಕೊಯ್ಲಿನ ಕೂಲಿ ಕೂಡ ಹುಟ್ಟಲ್ಲ. ಶ್ರೀನಿವಾಸಪುರದ ಮಾವಿಗೂ ಹೆಚ್ಚುಕಮ್ಮಿ ಅದೇ ಕಥೆ. ನಿಮ್ಮಲ್ಲಿ ಖಾಲಿ ಶೆಡ್ ಇದೆ, ದುಡಿಯೋ ಕೈ ಇದೆ, ಪಕ್ಕದಲ್ಲಿ ಎಕ್ಸ್‌ಪ್ರೆಸ್ ವೇ ಬಂದಿದೆ. ಟೊಮೆಟೊ ಪೇಸ್ಟ್, ಮಾವಿನ ತಿರುಳು ಮಾಡುವ ಘಟಕಕ್ಕೆ ಇನ್ನೇನು ಬೇಕು? ಮಗು ಇರುವ ತಾಯಂದಿರು ನರಸಾಪುರದ ತನಕ ಹೋಗೋದು ತಪ್ಪುತ್ತದೆ.

ಬೆಮೆಲ್ ನಗರ ಲೇತ್

ತಿರುಳು ತೆಗೆಯುವ ಮೆಷಿನ್ ನಾನೇ ಮಾಡಿ ಕೊಡುತ್ತೇನೆ. ಡ್ರಾಯಿಂಗ್ ಸಿಕ್ಕರೆ ಸಾಕು.

ಕೋಲಾರ ಟೌನ್

ಓದಿದೆ. ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು. ಆದರೆ ಒಂದು ಅನುಮಾನ ಉಳಿದಿದೆ. ಜಮೀನು ಕೇಂದ್ರದ್ದು, ದಿಬ್ಬ ಕೇಂದ್ರದ್ದು, ರೈಲು ಕೇಂದ್ರದ್ದು. ನೀರು, ರಸ್ತೆ, ಕೈಗಾರಿಕಾ ಪ್ರದೇಶ ರಾಜ್ಯದ್ದು. ಬೀದಿ ದೀಪ, ಕಸ ನಗರಸಭೆಯದ್ದು. ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸಿದರೆ ನೀವು ಯಾರನ್ನು ಹಿಡಿಯುತ್ತೀರಿ?

ಮಾರಿಕುಪ್ಪಂ ಲೋಕಲ್

ಸರಿಯಾದ ಜಾಗಕ್ಕೆ ಬಂದಿರಿ. ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ಕೇಳಿದರೆ ಎಲ್ಲರೂ ನಮ್ಮದಲ್ಲ ಅನ್ನುತ್ತಾರೆ. ಅದಕ್ಕೇ ಹಕ್ಕುಪತ್ರ ಮೊದಲು ಅಂದಿದ್ದು. ಅದಕ್ಕೆ ಹೊಸ ಕಂಪನಿ ಬೇಡ, ಹೊಸ ಹಣ ಬೇಡ. ಜಮೀನು ಇದೆ, ಮನೆ ಇದೆ, ಮನೆಯಲ್ಲಿ ಜನ ಇದ್ದಾರೆ. ಬೇಕಿರೋದು ಅಳತೆ, ಪಟ್ಟಿ, ಸಹಿ. ಪತ್ರ ಕೈಗೆ ಬಂದವನು ಛಾವಣಿ ಬದಲಾಯಿಸುತ್ತಾನೆ, ಸಾಲ ಕೇಳುತ್ತಾನೆ, ದಿಬ್ಬದ ಗುತ್ತಿಗೆದಾರನ ಎದುರು ಧೈರ್ಯವಾಗಿ ನಿಂತು ಪ್ರಶ್ನೆ ಕೇಳುತ್ತಾನೆ. ನಾಳೆ ಎಬ್ಬಿಸಿಬಿಟ್ಟರೆ ಅನ್ನೋ ಭಯದಲ್ಲಿ ಇರುವವನು ಬಾಯಿ ತೆರೆಯಲ್ಲ.

ಅಳತೆಗೆ ಸರ್ಕಾರ ಬರೋ ತನಕ ನಾವೇ ಪಟ್ಟಿ ಮಾಡಬಹುದು. ಲೈನ್ ನಂಬರ್, ಮನೆ ನಂಬರ್, ಯಾರ ಹೆಸರಲ್ಲಿ ಹಂಚಿಕೆ ಆಗಿತ್ತು, ಈಗ ಯಾರಿದ್ದಾರೆ, ಹಂಚಿಕೆ ಕಾಗದ ಇದೆಯಾ, ಹಳೇ ಬಾಡಿಗೆ ರಸೀದಿ ಇದೆಯಾ, ಕರೆಂಟ್ ಬಿಲ್ ಯಾರ ಹೆಸರಲ್ಲಿದೆ. ಇಷ್ಟು ಸಾಕು. ಮಾರಿಕುಪ್ಪಂ ಕಡೆಯ ಲೈನ್‌ಗಳನ್ನು ನಾನು ಮತ್ತು ರೈಲಿನ ಗೆಳೆಯರು ಭಾನುವಾರಗಳಲ್ಲಿ ನೋಡಿಕೊಳ್ಳುತ್ತೇವೆ.

ಚಾಂಪಿಯನ್ ರೀಫ್ಸ್ ಮಗಳು

ಚಾಂಪಿಯನ್ ರೀಫ್ಸ್ ನಾವು ಮಾಡುತ್ತೇವೆ, ಸ್ವಸಹಾಯ ಸಂಘದವರು. ವಿಧವೆಯರ ಮನೆಗಳಿಗೆ ಬೇರೆ ಕಾಲಂ ಹಾಕಿ. ಗಂಡನ ಹೆಸರಲ್ಲಿ ಹಂಚಿಕೆ, ಗಂಡ ಇಲ್ಲ, ಮಕ್ಕಳು ಬೆಂಗಳೂರಲ್ಲಿ. ಅಂಥ ಮನೆಗಳೇ ಜಾಸ್ತಿ ಸಿಗುತ್ತವೆ ನೋಡಿ.

ಹಳೇ ಶಿಫ್ಟ್

ಬಾಡಿಗೆ ರಸೀದಿ ಅಂದರೆ ಸಂಬಳದ ಚೀಟಿಯಲ್ಲಿ ಕಡಿತ ಮಾಡುತ್ತಿದ್ದದ್ದೂ ಆಗುತ್ತದಾ? ನಮ್ಮ ತಂದೆಯ ಚೀಟಿಗಳನ್ನು ಅಮ್ಮ ಟ್ರಂಕ್‌ನಲ್ಲಿ ಜೋಡಿಸಿ ಇಟ್ಟಿದ್ದಾಳೆ. ಆಗುವುದಾದರೆ ನಂದಿದುರ್ಗ ಲೈನ್‌ನಲ್ಲಿ ಎಲ್ಲರಿಗೂ ಹುಡುಕಿ ಇಡೋಕೆ ಹೇಳುತ್ತೇನೆ.

ಮಾರಿಕುಪ್ಪಂ ಲೋಕಲ್

ಖಂಡಿತ ಆಗುತ್ತದೆ, ಅದರಲ್ಲಿ ಕ್ವಾರ್ಟರ್ಸ್ ನಂಬರ್ ಇದ್ದರೆ ಇನ್ನೂ ಒಳ್ಳೆಯದು. ಮೂಲ ಚೀಟಿ ಯಾರ ಕೈಗೂ ಕೊಡಬೇಡಿ, ಫೋಟೋ ತೆಗೆದು ನಕಲು ಮಾತ್ರ ಕೊಡಿ. ಕೋರಮಂಡಲ್ ಮತ್ತು ಬಾಲಘಾಟ್ ಕಡೆಯಿಂದ ಇನ್ನೂ ಯಾರೂ ಬಂದಿಲ್ಲ. ಅಲ್ಲಿನವರು ಯಾರಾದರೂ ಓದುತ್ತಿದ್ದರೆ ಇಲ್ಲೇ ತಿಳಿಸಿ.